ಬಿಟ್ಟು ಬಂದ ಬೂಟು

ಪುಟ್ಟರಾಜು ಮೂರನೇ ಸಲ ಬಿದ್ದಾಗ ಸೈಕಲ್ಲು ನಿಂತಿತ್ತು. ಎದುರಿಗೆ ಎಮ್ಮೆ ಬಂದಿರಲಿಲ್ಲ, ರಸ್ತೆಯಲ್ಲಿ ಗುಂಡಿ ಇರಲಿಲ್ಲ, ಹಿಂದಿನಿಂದ ಯಾರೂ ಗುದ್ದಿರಲಿಲ್ಲ. ಕಚೇರಿಯಿಂದ ಬಂದು, ತನ್ನ ಮನೆಯ ಗೇಟಿನ ಮುಂದೆ ಬ್ರೇಕು ಹಿಡಿದು, ಇನ್ನೇನು ಇಳಿಯಬೇಕು ಅನ್ನುವಾಗ ಕಾಲು ಪೆಡಲ್ಲು ಬಿಟ್ಟು ಬರಲಿಲ್ಲ. ಅವನೂ ಸೈಕಲ್ಲೂ ಕಡಿದ ಬಾಳೆಗಿಡದ ಹಾಗೆ ನಿಧಾನವಾಗಿ ಎಡಕ್ಕೆ ವಾಲಿ, ಪಕ್ಕದ ಮನೆಯ ಅನುಸೂಯಮ್ಮ ಚಾಪೆಯ ಮೇಲೆ ಒಣಹಾಕಿದ್ದ ಸಂಡಿಗೆಯ ನಡುವೆ ಮಲಗಿಬಿಟ್ಟರು.

"ಚಲಿಸೋ ಸೈಕಲ್ಲಿಂದ ಬೀಳೋರನ್ನ ನೋಡಿದ್ದೀನಿ. ನಿಂತಿರೋ ಸೈಕಲ್ಲಿಂದ ಬೀಳೋದಕ್ಕೆ ನಿಮ್ಮ ಹಾಗೆ ಓದಿರ್ಬೇಕು ನೋಡಿ," ಎಂದರು ಅನುಸೂಯಮ್ಮ, ಪುಟ್ಟರಾಜುವಿನ ಮೊಣಕೈಗೆ ಅಂಟಿದ್ದ ಸಂಡಿಗೆಯನ್ನು ಬಿಡಿಸಿಕೊಳ್ಳುತ್ತ.

ತಪ್ಪು ಪುಟ್ಟರಾಜುವಿನದಲ್ಲ, ಬೂಟಿನದು. ಹಾಸನದಲ್ಲಿ ಮೇಷ್ಟರಾಗಿರುವ ರಘು ಎಂಬ ಪರಿಚಯದವನಿಂದ ಅವನು ಈ ಹಳೇ ಸೈಕಲ್ಲನ್ನು ಕೊಂಡಿದ್ದ. ಬೆಟ್ಟಗುಡ್ಡ ಹತ್ತುವ ಸೈಕಲ್ಲು. ದಪ್ಪ ಟೈರು, ಹಿಂದೆ ಮುಂದೆ ಗೇರು, ಮುಂದಿನ ಚಕ್ರಕ್ಕೆ ಸ್ಪ್ರಿಂಗು. ಅದರ ಪೆಡಲ್ಲು ಮಾತ್ರ ಒಂದು ಥರ. ಜೊತೆಗೆ ಬಂದ ಬೂಟಿನ ಅಂಗಾಲಿನಲ್ಲಿ ಕಬ್ಬಿಣದ ಒಂದು ಬಿಲ್ಲೆ ಇತ್ತು. ಬೂಟನ್ನು ಪೆಡಲ್ಲಿನ ಮೇಲಿಟ್ಟು ಒತ್ತಿದರೆ ಆ ಬಿಲ್ಲೆಯನ್ನು ಪೆಡಲ್ಲು 'ಕಟಕ್' ಎಂದು ಕಚ್ಚಿಕೊಳ್ಳುತ್ತಿತ್ತು. ಬಿಡಿಸಿಕೊಳ್ಳಬೇಕಾದರೆ ಹಿಮ್ಮಡಿಯನ್ನು ಹೊರಕ್ಕೆ ತಿರುವಬೇಕು. ಈ ಮಾತು ಪುಟ್ಟರಾಜುವಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಪ್ರತಿ ಸಲವೂ ಅದು ನೆನಪಾಗುತ್ತಿದ್ದದ್ದು ಬಿದ್ದ ಮೇಲೆ.

ಅಂದು ಸಂಜೆ ಮೊಣಕೈಗೆ ಅರಿಸಿನ ಹಚ್ಚುತ್ತಲೇ ಹೆಂಡತಿ ಲತಾಮಣಿ ತೀರ್ಪು ಕೊಟ್ಟಳು. "ನೋಡ್ರೀ, ಇಷ್ಟು ದಿನ ಸುಮ್ನಿದ್ದೆ. ಇನ್ನೊಂದು ಸಲ ಬಿದ್ರೆ ಸೈಕಲ್ಲು ನಮ್ಮ ರವಿಗೆ. ಮಾದಿಹಳ್ಳೀಲಿ ಗದ್ದೆಗೆ ಓಡಾಡೋಕೆ ಅವನಿಗೆ ಬೇಕಂತೆ."

ರವಿಕುಮಾರ್ ಅಂದರೆ ಲತಾಮಣಿಯ ತಮ್ಮ. ಈ ಸೈಕಲ್ಲು ಮನೆಗೆ ಬಂದ ದಿನವೇ ಅವನು ಅದರ ಗಂಟೆ ಬಾರಿಸಿ, "ಭಾವ, ನಿಮಗಿದು ಜಾಸ್ತಿ ಆಯ್ತು," ಅಂದಿದ್ದ. ಆ ಮಾತು ಪುಟ್ಟರಾಜುವಿನ ಎದೆಯಲ್ಲಿ ಇನ್ನೂ ಕೂತಿತ್ತು. ಹಗರೆಯ ಶಾಲೆಗೆ ಬರಿಗಾಲಲ್ಲಿ ನಡೆದು ಹೋಗುತ್ತಿದ್ದ ಕಾಲದಲ್ಲಿ, ಪಟೇಲರ ಮನೆ ಹುಡುಗರು ಸೈಕಲ್ಲಿನಲ್ಲಿ ಧೂಳೆಬ್ಬಿಸಿಕೊಂಡು ಹೋಗುವುದನ್ನು ಅವನು ದಿನವೂ ನೋಡಿದ್ದ. ಓದಿ, ಗುಮಾಸ್ತನಾಗಿ, ಮದುವೆಯಾಗಿ, ಅರಸೀಕೆರೆಯಲ್ಲಿ ಮನೆ ಕಟ್ಟಿಸಿ, ನಲವತ್ತು ದಾಟಿದ ಮೇಲೆ ಕೊಂಡ ಮೊದಲ ಸೈಕಲ್ಲು ಇದು. ಇಳಿಜಾರಿನಲ್ಲಿ ಗಾಳಿ ಮುಖಕ್ಕೆ ಬಡಿಯುವಾಗ ಅವನಿಗೆ ಎಷ್ಟು ಸಂತೋಷವಾಗುತ್ತಿತ್ತೆಂದರೆ, ಯಾರೂ ಇಲ್ಲದ ಕಡೆ ಒಬ್ಬನೇ ನಗುತ್ತಿದ್ದ. ಅದನ್ನು ಬಾಮೈದನಿಗೆ ಕೊಡುವ ಮಾತನ್ನು ಅವನು ಒಪ್ಪುವಂತಿರಲಿಲ್ಲ.

ಅವನ ತಾಯಿ ದ್ಯಾವಮ್ಮನ ತೀರ್ಪು ಬೇರೆ. "ಇದು ಶನಿ ಕಾಟ ಕಣ್ಲಾ ಮಗ. ಮಾಲೇಕಲ್ಲು ಬೆಟ್ಟದ ತಿಮ್ಮಪ್ಪನಿಗೆ ಹರಕೆ ಹೊತ್ತೀವ್ನಿ. ಈ ಶನಿವಾರ ಹೋಗಿ ಬಂದ್ಬುಡಾನ."

"ಶನೀನೂ ಇಲ್ಲ ಗಿನೀನೂ ಇಲ್ಲ, ಸುಮ್ಕಿರವ್ವ. ಆ ಬೂಟೇ ನನ್ನ ಶನಿ," ಎಂದು ಪುಟ್ಟರಾಜು ರೇಗಿದ. ಅವನು ನಡುಮನೆಯಲ್ಲಿ ಬುದ್ಧನ ಪಟ ತೂಗುಹಾಕಿಕೊಂಡಿದ್ದ ಮನುಷ್ಯ. ಆದರೆ ದ್ಯಾವಮ್ಮ 'ಬೂಟು', 'ಶನಿ' ಎರಡನ್ನೂ ಜೋಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಲತಾಮಣಿಗೆ ಇದೇ ಒಳ್ಳೆಯ ಪರೀಕ್ಷೆ ಅನ್ನಿಸಿತು. "ಹಾಗಾದ್ರೆ ಬೆಟ್ಟಕ್ಕೆ ಸೈಕಲ್ಲಲ್ಲೇ ಬನ್ನಿ. ನಾವು ಆಟೋದಲ್ಲಿ ಬರ್ತೀವಿ. ವಾಪಸ್ ಮನೆ ಬಾಗ್ಲಿಗೆ ಬರೋವರೆಗೂ ಬೀಳ್ಬಾರ್ದು. ತಳ್ಕೊಂಡು ಬಂದ್ರೂ ಬಿದ್ದ ಲೆಕ್ಕಾನೇ."

ಪುಟ್ಟರಾಜು ರಘುವಿಗೆ ಫೋನು ಮಾಡಿ ಗೋಳು ತೋಡಿಕೊಂಡ. ರಘು ನಕ್ಕ. "ಸಾರ್, ಅದೆಲ್ಲ ಬೇಡ ನಿಮಗೆ. ಚಪ್ಪಟೆ ಪೆಡಲ್ ಹಾಕ್ಕೊಂಡ್ಬಿಡಿ. ಅದ್ರಲ್ಲಿ ಕಾಲು ಯಾವುದಕ್ಕೂ ಸಿಕ್ಕಾಕೋಳಲ್ಲ, ಎತ್ತಿದ್ರೆ ಬಂತು. ನನ್ನ ಹತ್ರ ಒಂದು ಜೊತೆ ಇದೆ, ಬಸ್ಸಲ್ಲಿ ಕಳಿಸ್ತೀನಿ." ಆಮೇಲೆ ಪಾಠ ಹೇಳುವ ಅಭ್ಯಾಸ ಬಿಡಲಾರದೆ ಮುಂದುವರಿಸಿದ. "ಆದ್ರೆ ಬೂಟು ಮೆತ್ತಗಿರ್ಬೇಕು, ಅಟ್ಟೆ ಸಪಾಟಾಗಿ ಅಂಟೋ ಹಾಗಿರ್ಬೇಕು. ಪಾದದ ನಡುಭಾಗ ಪೆಡಲ್ ಮೇಲೆ ಬರ್ಲಿ. ಹಿಮ್ಮಡಿ ಕೆಳಗೆ ಇರ್ಲಿ ಸಾರ್, ಅದೇ ಮುಖ್ಯ. ಗುಂಡಿ ಬಂದ್ರೆ ಎದ್ದು ನಿಂತು ಮಂಡಿ ಬಗ್ಗಿಸಿ."

"ಹಿಮ್ಮಡಿ ಹೊರಕ್ಕಾ?"

"ಹೊರಕ್ಕಲ್ಲ ಸಾರ್, ಕೆಳಕ್ಕೆ! ಹೊರಕ್ಕೆ ಅನ್ನೋದನ್ನ ಮರೆತುಬಿಡಿ."

ಪುಟ್ಟರಾಜು ಇಷ್ಟು ದಿನ ನೆನಪಿಟ್ಟುಕೊಳ್ಳಲು ಹೆಣಗಿದ್ದನ್ನು ಈಗ ಮರೆಯಲು ಹೆಣಗತೊಡಗಿದ. ಶುಕ್ರವಾರ ಸಂಜೆ ಹಾಸನದ ಬಸ್ಸಿನ ಕಂಡಕ್ಟರು ಕಾಗದದಲ್ಲಿ ಸುತ್ತಿದ ಪೆಡಲ್ಲುಗಳನ್ನು ಅವನ ಕೈಗೆ ಹಾಕಿದ. ಅಂಗೈಯಗಲದ ಚಪ್ಪಟೆ ಪೆಡಲ್ಲು, ಮೈಮೇಲೆಲ್ಲ ಬೂಟನ್ನು ಹಿಡಿದುಕೊಳ್ಳುವುದಕ್ಕೆ ಚಿಕ್ಕ ಚಿಕ್ಕ ಕಬ್ಬಿಣದ ಮೊಳೆ. "ಏನ್ ಸಾರ್, ಶುಂಠಿ ತುರಿಯೋದಾ?" ಎಂದು ಕೇಳಿ ಕಂಡಕ್ಟರು ಸೀಟಿ ಊದಿದ.

ಶನಿವಾರ ಬೆಳಿಗ್ಗೆ ಪುಟ್ಟರಾಜು ಸ್ಪ್ಯಾನರು ಹಿಡಿದು ಸೈಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತದ್ದೇ ತಡ, ಎದುರುಮನೆಯ ಚನ್ನಬಸವಯ್ಯ ಮೇಷ್ಟರು ಗೇಟು ತೆಗೆದುಕೊಂಡು ಬಂದರು. ಅವರು ಡ್ರಿಲ್ ಮೇಷ್ಟರಾಗಿ ನಿವೃತ್ತರಾದವರು. ಕೊರಳಲ್ಲಿ ಸೀಟಿ ಇಲ್ಲದಿದ್ದರೂ ದನಿಯಲ್ಲಿ ಇತ್ತು.

"ಸರೀರಿ, ಸರೀರಿ. ಲೋಕದಲ್ಲಿ ಯಾವ ತಿರುಪಾದ್ರೂ ಬಲಕ್ಕೆ ಬಿಗಿ, ಎಡಕ್ಕೆ ಸಡಿಲ. ಹೂಂ, ತಿರುಗಿಸಿ ಎಡಕ್ಕೆ!"

ಬಲಗಡೆಯ ಪೆಡಲ್ಲು ಅವರ ಮಾತು ಕೇಳಿತು. ಎಡಗಡೆಯದು ಕೇಳಲಿಲ್ಲ. ಪುಟ್ಟರಾಜು ತಿರುಗಿಸಿದ, ಮೇಷ್ಟರು ತಿರುಗಿಸಿದರು, ಇಬ್ಬರೂ ಸೇರಿ ಸ್ಪ್ಯಾನರಿಗೆ ಜೋತುಬಿದ್ದರು. ಪೆಡಲ್ಲು ಹುಟ್ಟಿದಾಗಿನಿಂದ ಅಲ್ಲೇ ಇರುವ ಹಾಗೆ ಕೂತಿತ್ತು. ಮೇಷ್ಟರ ಪಂಚೆಗೆ ಚೈನಿನ ಗ್ರೀಸು ಮೆತ್ತಿತು. ಕಡೆಗೆ ಪುಟ್ಟರಾಜು ರಘುವಿಗೆ ಮತ್ತೆ ಫೋನು ಮಾಡಿದ.

"ಅಯ್ಯೋ, ಎಡಗಡೇದು ಉಲ್ಟಾ ಸಾರ್! ಅದನ್ನ ಬಲಕ್ಕೆ ತಿರುಗಿಸಿದ್ರೆ ಬಿಚ್ಚುತ್ತೆ."

"ಯಾರ ಬಲಕ್ಕೆ? ನನ್ನ ಬಲಕ್ಕಾ, ಸೈಕಲ್ ಬಲಕ್ಕಾ?"

"ನೀವು ಎಲ್ಲಿ ನಿಂತಿದ್ದೀರ?"

"ನಿಂತಿಲ್ಲ, ಕೂತಿದ್ದೀನಿ."

ಮೇಷ್ಟರು ಫೋನು ಕಸಿದುಕೊಂಡು, ಎಡ ಬಲಗಳ ವಿಷಯದಲ್ಲಿ ತಮಗೆ ಯಾರೂ ಹೇಳಿಕೊಡಬೇಕಾಗಿಲ್ಲವೆಂದು ಕೂಗಿ ಇಟ್ಟರು. ಹೀಗಾಗಿ ಸೈಕಲ್ಲು ಬೀದಿಯ ತುದಿಯ ಜವರಪ್ಪನ ಪಂಕ್ಚರ್ ಅಂಗಡಿಗೆ ಹೋಯಿತು. ಜವರಪ್ಪ ಸ್ಪ್ಯಾನರಿಗೆ ಒಂದು ಕೊಳವೆ ಸಿಕ್ಕಿಸಿ, ಬಾಯಲ್ಲಿದ್ದ ಎಲೆಅಡಿಕೆ ಸರಿಮಾಡಿಕೊಂಡು, ಒದ್ದು ಬಿಚ್ಚಿದ. ಹೊಸ ಪೆಡಲ್ಲು ಕೂತವು.

ಇನ್ನು ಬೂಟು. ರಘು ಹೇಳಿದಂಥ ಮೆತ್ತನೆಯ ಬೂಟು ಅರಸೀಕೆರೆಯ ಯಾವ ಅಂಗಡಿಯಲ್ಲೂ ಇರಲಿಲ್ಲ. ಮನೆಯ ಅಟ್ಟದಲ್ಲಿ ಪುಟ್ಟರಾಜುವಿನ ಹಳೆಯ ಕ್ಯಾನ್ವಾಸ್ ಬೂಟು ಸಿಕ್ಕಿತು, ಅದರ ಅಟ್ಟೆ ಸವೆದು ಹೋಳಿಗೆ ಮಣೆಯಷ್ಟು ನುಣುಪಾಗಿತ್ತು. ಜವರಪ್ಪ ಅದನ್ನು ತಿರುಗಿಸಿ ನೋಡಿದ.

"ಅಂಟ್ಬೇಕು ತಾನೇ ಸಾರ್? ಲಾರಿ ಟ್ಯೂಬು ಐತೆ, ಕತ್ತರಿಸಿ ಮೆತ್ತಿಬಿಡ್ತೀನಿ. ನೀವು ಬೇಡ ಅಂದ್ರೂ ಬಿಡಾಕಿಲ್ಲ ಅದು."

"ಬಿಡ್ಲೇಬೇಕು ಜವರಪ್ಪ! ಎತ್ತಿದ್ರೆ ಬಿಡ್ಬೇಕು, ಎತ್ತದೇ ಇದ್ರೆ ಅಂಟ್ಕೊಂಡಿರ್ಬೇಕು."

"ಅಂಟ್ಬೇಕಾ ಬಿಡ್ಬೇಕಾ, ಒಂದು ಹೇಳಿ ಸಾರ್," ಎಂದು ಜವರಪ್ಪ ಗೊಂದಲದಿಂದಲೇ ಸಲೂಷನ್ ಹಚ್ಚಿದ. ಬೂಟು ತಯಾರಾದಾಗ ಅದರ ಅಂಚಿನಿಂದೆಲ್ಲ ಕರಿ ರಬ್ಬರು ಇಣುಕುತ್ತಿತ್ತು. ನೋಡುವುದಕ್ಕೆ ಸೀದ ರೊಟ್ಟಿಯನ್ನು ಕಾಲಿಗೆ ಕಟ್ಟಿಕೊಂಡ ಹಾಗಿತ್ತು. ಆದರೆ ಪೆಡಲ್ಲಿನ ಮೇಲಿಟ್ಟರೆ ಮೊಳೆಗಳು ಮೆಲ್ಲಗೆ ರಬ್ಬರನ್ನು ಹಿಡಿದುಕೊಂಡವು, ಎತ್ತಿದರೆ ಬಿಟ್ಟವು. ಪುಟ್ಟರಾಜು ಇಟ್ಟ, ಎತ್ತಿದ, ಇಟ್ಟ, ಎತ್ತಿದ. ಅವನ ಕಣ್ಣು ತುಂಬಿಬಂತು.

ಮನೆಗೆ ಬಂದು, "ನೋಡವ್ವ, ಇನ್ನು ಬೀಳೋ ಮಾತೇ ಇಲ್ಲ," ಎಂದ.

ದ್ಯಾವಮ್ಮ ಅವನ ಕಾಲು ನೋಡಿ ಮುಖ ಹುಳ್ಳಗೆ ಮಾಡಿದಳು. "ಅಲ್ಲ ಕಣ್ಲಾ, ಆ ಹೊಳೆಯೋ ಬೂಟು ಬುಟ್ಟು ಇದ್ಯಾಕ್ಲಾ? ಅದಾಗಾಕಿಲ್ವಾ ಈ ಪೆಡ್ಲಿಗೆ?"

"ಇದಕ್ಕೆ ಯಾವ ಬೂಟಾದ್ರೂ ಆಗುತ್ತೆ ಕಣವ್ವ! ಅದೇ ಇದರ ಮಜ," ಎಂದು ಪುಟ್ಟರಾಜು ಖುಷಿಯಲ್ಲಿ ಬಾಯಿ ಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಅವನಿಗೆ ಆಗ ನೆನಪಾಗಲಿಲ್ಲ.

ದಂಡು ಹೊರಟಿತು. ಆಟೋದ ಹಿಂದಿನ ಸೀಟಿನಲ್ಲಿ ಲತಾಮಣಿ, ಮಡಿಲಲ್ಲಿ ಉಬ್ಬಿದ ಚೀಲ ಇಟ್ಟುಕೊಂಡ ದ್ಯಾವಮ್ಮ. ಮುಂದೆ ಡ್ರೈವರಿನ ಪಕ್ಕ ಅರ್ಧ ಪೃಷ್ಠ ಊರಿ ಕೂತ ಚನ್ನಬಸವಯ್ಯ ಮೇಷ್ಟರು. ಅವರನ್ನು ಯಾರೂ ಕರೆದಿರಲಿಲ್ಲ. ಆಟೋ ಸೈಕಲ್ಲಿನ ಪಕ್ಕಕ್ಕೇ ನಡೆಯಿತು.

"ಹಿಮ್ಮಡಿ ಮೇಲೆ! ತುದಿಗಾಲಲ್ಲಿ ತುಳೀರಿ!" ಎಂದು ಮೇಷ್ಟರು ಆಟೋದಿಂದ ಕೂಗಿದರು.

"ರಘು ಕೆಳಗೆ ಅಂದ್ರು ಮೇಷ್ಟ್ರೇ!"

"ಆ ರಘು ಎಷ್ಟು ಸ್ಪೋರ್ಟ್ಸ್ ಡೇ ಮಾಡಿಸಿದ್ದಾನ್ರೀ?"

ಪುಟ್ಟರಾಜು ಒಂದು ಹಿಮ್ಮಡಿಯನ್ನು ಮೇಲಕ್ಕೂ ಒಂದನ್ನು ಕೆಳಕ್ಕೂ ಇಟ್ಟು ಇಬ್ಬರ ಮಾನವನ್ನೂ ಕಾಪಾಡಿದ. ಸೈಕಲ್ಲು ಕುಂಟತೊಡಗಿತು. ಅಷ್ಟರಲ್ಲಿ ರೈಲ್ವೆ ಗೇಟು ಬಿತ್ತು. ಎರಡೂ ಕಡೆ ಲಾರಿ, ಎತ್ತಿನ ಗಾಡಿ, ಶನಿವಾರದ ಭಕ್ತರು. ನಿಲ್ಲಲೇಬೇಕು. ಆಟೋದೊಳಗೆ ಲತಾಮಣಿ ಉಸಿರು ಹಿಡಿದಳು. ಪುಟ್ಟರಾಜು ಬ್ರೇಕು ಹಿಡಿದ. ಹೊರಕ್ಕಾ, ಕೆಳಕ್ಕಾ, ಮೇಲಕ್ಕಾ? ಏನೂ ತೋಚದೆ ಸುಮ್ಮನೆ ಕಾಲು ಎತ್ತಿದ. ಕಾಲು ಬಂತು. ನೆಲಕ್ಕೆ ಊರಿದ. ನಿಂತ.

ರೈಲು ಹೋಗುವವರೆಗೂ ಅವನು ಒಂದು ಕಾಲಿನ ಮೇಲೆ ದೊರೆಯ ಹಾಗೆ ನಿಂತಿದ್ದ. ಗೇಟು ತೆಗೆದ ಮೇಲೆ ಮೇಷ್ಟರ ಕಡೆಗೆ ಕಿವಿ ಕೊಡಲಿಲ್ಲ. ಎರಡೂ ಹಿಮ್ಮಡಿ ಕೆಳಗಿಳಿಸಿದ, ಗುಂಡಿ ಬಂದಲ್ಲಿ ಎದ್ದು ನಿಂತು ಮಂಡಿ ಬಗ್ಗಿಸಿದ. ರಾಗಿ ಹೊಲ, ತೆಂಗಿನ ತೋಟ ಎಲ್ಲ ಹಿಂದಕ್ಕೆ ಓಡಿದವು. ಬೆಟ್ಟದ ಬುಡಕ್ಕೆ ಆಟೋಗಿಂತ ಮೊದಲು ಮುಟ್ಟಿದವನು ಅವನೇ.

ಮಂಡಿನೋವಿನಿಂದ ದ್ಯಾವಮ್ಮ ಮೆಟ್ಟಿಲು ಹತ್ತುವಂತಿರಲಿಲ್ಲ. "ನೀವು ಹೋಗ್ಬನ್ನಿ. ನಾನಿಲ್ಲೇ ನಿಮ್ಮ ಮೆಟ್ಟು ಕಾಯ್ಕೊಂಡು ಕುಂತಿರ್ತೀನಿ," ಎಂದು ಮರದ ನೆರಳಿನಲ್ಲಿ ಕೂತಳು. ಜನಜಂಗುಳಿಯಲ್ಲಿ ಬೂಟು ಹೇಗೆ ಬಿಡುವುದೆಂದು ದಿಗಿಲಾಗಿದ್ದ ಪುಟ್ಟರಾಜುವಿಗೆ ನೆಮ್ಮದಿಯಾಯಿತು. ಅವ್ವ ಕಾವಲಿದ್ದ ಮೇಲೆ ಕಳ್ಳನ ಭಯ ಎಲ್ಲಿಯದು?

ಅವರು ದೇವರ ದರ್ಶನ ಮಾಡಿ ಇಳಿಯುವಾಗ ಅರ್ಧ ದಾರಿಯಲ್ಲಿ ರವಿಕುಮಾರ್ ಎದುರಾದ. ಪರೀಕ್ಷೆಯ ಸುದ್ದಿ ಹೇಳಿ ಲತಾಮಣಿಯೇ ಅವನನ್ನು ಕರೆದಿದ್ದಳು, ಮಾದಿಹಳ್ಳಿಯಿಂದ ಬಸ್ಸು ಬದಲಾಯಿಸಿ ಬರುವಷ್ಟರಲ್ಲಿ ತಡವಾಗಿತ್ತಂತೆ. ಬರಿಗಾಲಲ್ಲಿ ಏದುಸಿರು ಬಿಡುತ್ತ, "ಬಿದ್ರಾ ಭಾವ?" ಎಂದು ಆಸೆಯಿಂದ ಕೇಳಿದ.

"ಇಲ್ಲಪ್ಪ," ಎಂದ ಪುಟ್ಟರಾಜು, ಬಹಳ ದಿನಗಳ ಮೇಲೆ ಹೊಟ್ಟೆ ತುಂಬಿದವನಂತೆ.

"ಹೋಗ್ಲಿ ಬಿಡಿ. ದರ್ಶನ ಮುಗಿಸ್ಕೊಂಡು ಮನೆ ಹತ್ರ ಬರ್ತೀನಿ," ಎಂದು ರವಿಕುಮಾರ್ ಜೋಲುಮುಖ ಹಾಕಿಕೊಂಡು ಮೇಲೆ ಹತ್ತಿದ.

ಬುಡದಲ್ಲಿ ದ್ಯಾವಮ್ಮನ ಮುಂದೆ ಲತಾಮಣಿಯ ಚಪ್ಪಲಿ ಇತ್ತು, ಮೇಷ್ಟರ ಚಪ್ಪಲಿ ಇತ್ತು. ಕ್ಯಾನ್ವಾಸ್ ಬೂಟು ಇರಲಿಲ್ಲ. ಅದರ ಜಾಗದಲ್ಲಿ, ಸೆರಗಿನಿಂದ ಒರೆಸಿಟ್ಟ ಹಾಗೆ ಹೊಳೆಯುತ್ತ, ಕಬ್ಬಿಣದ ಬಿಲ್ಲೆಯ ಆ ಹಳೆಯ ಬೂಟು ಕೂತಿತ್ತು.

"ಅವ್ವ, ನನ್ನ ಬೂಟು?"

"ಬುಟ್ಬುಟ್ಟೆ ಕಣ್ಮಗ," ಎಂದಳು ದ್ಯಾವಮ್ಮ, ಮುಖವರಳಿಸಿ. "ಬೂಟೇ ನನ್ನ ಶನಿ ಅಂತ ನೀನೇ ಅನ್ನಲಿಲ್ವಾ? ದೇವರ ತಾವು ಮೆಟ್ಟು ಬುಟ್ಟು ಹೋದ್ರೆ ಶನಿ ಅದರ ಜತೇಲೇ ಹೋಯ್ತದೆ."

"ನಾನು ಹೇಳಿದ್ದು ಈ ಬೂಟಿಗಲ್ವೇನವ್ವ! ಇದನ್ನ ಬಿಡೋದು ಬಿಟ್ಟು..."

"ಅಷ್ಟೂ ತಿಳೀದಾ ನಂಗೆ? ಕೈಚೀಲದಲ್ಲಿ ತಂದಿದ್ದನ್ನ ಬುಟ್ರೆ ಶನಿ ಹೋಗಾಕಿಲ್ಲ ಕಣ್ಲಾ. ಕಾಲಲ್ಲಿ ಮೆಟ್ಕೊಂಡು ಬಂದದ್ದನ್ನೇ ಬುಡಬೇಕು. ನೀನು ಬರಿಗಾಲಲ್ಲಿ ಹೋಗಬಾರ್ದು ಅಂತ ಇದನ್ನ ಚೀಲದಲ್ಲಿ ಹೊತ್ಕಂಡು ಬಂದಿವ್ನಿ. ಯಾವ ಬೂಟಾದ್ರೂ ಆಯ್ತದೆ ಅಂದ್ಯಲ್ಲ."

ಪುಟ್ಟರಾಜುವಿಗೆ ತಲೆ ತಿರುಗಿತು. ಅವ್ವನ ಮಾತಿನಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕಿದ, ಸಿಗಲಿಲ್ಲ. "ಎಲ್ಲಿ ಬಿಟ್ಟೆ ಹೇಳವ್ವ, ತಗೊಂಡ್ಬರ್ತೀನಿ."

"ಹೇಳಾಕಿಲ್ಲ. ಬುಟ್ಟ ಮೇಲೆ ತಿರುಗಿ ನೋಡಬಾರ್ದು. ನೋಡಿದ್ರೆ ಒಂದಿದ್ದ ಶನಿ ಎರಡಾಯ್ತದೆ."

"ಅತ್ತೆ ಹೇಳೋದು ಸರಿ," ಎಂದಳು ಲತಾಮಣಿ. ಮೇಷ್ಟರೂ, ಶಾಸ್ತ್ರ ಹಾಗೇ ಇದೆ ಎಂದರು. ಬರಿಗಾಲಲ್ಲಿ ತುಳಿಯೋಣವೆಂದು ಪುಟ್ಟರಾಜು ಪೆಡಲ್ಲಿನ ಮೇಲೆ ಅಂಗಾಲಿಟ್ಟು, ಮೊಳೆ ಚುಚ್ಚಿ, "ಅಮ್ಮಾ!" ಎಂದು ಹಾರಿದ. ತಳ್ಳಿಕೊಂಡು ಹೋದರೆ ಬಿದ್ದ ಲೆಕ್ಕ. ಬೇರೆ ದಾರಿ ಇರಲಿಲ್ಲ. ಹೊಳೆಯುವ ಬೂಟನ್ನೇ ಹಾಕಿಕೊಂಡ.

ಆ ಸವಾರಿಯ ಕಷ್ಟ ಹಗೆಯವನಿಗೂ ಬೇಡ. ಬೂಟಿನ ಕಬ್ಬಿಣ ಪೆಡಲ್ಲಿನ ಕಬ್ಬಿಣದ ಮೇಲೆ ಪಾಚಿಗಲ್ಲಿನ ಮೇಲಿನ ಹಾಗೆ ಜಾರುತ್ತಿತ್ತು. ಜಾರಿದಾಗಲೆಲ್ಲ ಮೊಳೆ ಮೊಣಕಾಲ ಕೆಳಗೆ ಗೀರುತ್ತಿತ್ತು. ಆದರೂ ಪುಟ್ಟರಾಜು ಬೀಳಲಿಲ್ಲ. ಗುಂಡಿ ದಾಟಿದ. ರೈಲ್ವೆ ಗೇಟು ದೇವರ ದಯದಿಂದ ತೆರೆದಿತ್ತು. ಜವರಪ್ಪನ ಅಂಗಡಿ ದಾಟಿದ. ತನ್ನ ಬೀದಿಗೆ ತಿರುಗಿದ. ಹಿಂದೆ ಆಟೋದಲ್ಲಿ ಮೇಷ್ಟರೂ ಬಾಯಿ ಮುಚ್ಚಿಕೊಂಡಿದ್ದರು.

ಮನೆಯ ಗೇಟು ಬಂತು. ಬ್ರೇಕು ಹಿಡಿದ. ಇನ್ನು ಕಾಲೆತ್ತಿ ಊರಿದರೆ ಸೈಕಲ್ಲು ಅವನದು.

ಆದರೆ ಕಾಲಿನಲ್ಲಿದ್ದದ್ದು ಹಿಮ್ಮಡಿ ತಿರುವುವ ಬೂಟು, ಬೂಟಿನ ಕೆಳಗಿದ್ದದ್ದು ಕಾಲೆತ್ತುವ ಪೆಡಲ್ಲು. ಬೂಟು 'ಹೊರಕ್ಕೆ' ಅಂದಿತು, ಪೆಡಲ್ಲು 'ಮೇಲಕ್ಕೆ' ಅಂದಿತು, ತಲೆಯೊಳಗೆ ರಘು 'ಕೆಳಕ್ಕೆ' ಅಂದ. ಪುಟ್ಟರಾಜು ಯಾರಿಗೂ ಬೇಸರ ಮಾಡಬಾರದೆಂದು ಹಿಮ್ಮಡಿಯನ್ನು ಹೊರಕ್ಕೆ ತಿರುವುತ್ತ, ಕೆಳಕ್ಕೆ ಒತ್ತುತ್ತ, ಮೇಲಕ್ಕೆ ಎತ್ತಿದ. ಬಿಲ್ಲೆ ಎರಡು ಮೊಳೆಗಳ ನಡುವೆ ಹೋಗಿ ಸಿಕ್ಕಿಕೊಂಡಿತು. ಸೈಕಲ್ಲು ಪರಿಚಿತ ದಿಕ್ಕಿಗೆ, ನಿಧಾನವಾಗಿ, ವಾಲಿತು. ಒಣಗಿದ ಸಂಡಿಗೆ ಎತ್ತಿಡಲು ಬಂದಿದ್ದ ಅನುಸೂಯಮ್ಮ, "ಬಂದ್ರು ನೋಡಿ," ಎಂದು ಚಾಪೆಯ ಒಂದು ತುದಿ ಹಿಡಿದು ಎಳೆಯುವಷ್ಟರಲ್ಲಿ ಪುಟ್ಟರಾಜು ಅದರ ಇನ್ನೊಂದು ತುದಿಯ ಮೇಲಿದ್ದ.

ಯಾರೂ ನಗಲಿಲ್ಲ. ಅದೇ ಅವನಿಗೆ ಹೆಚ್ಚು ನೋವಾದದ್ದು. ಲತಾಮಣಿಗೂ ಪಾಪ ಅನ್ನಿಸಿತು, ಆದರೆ ಆಡಿದ ಮಾತು ಆಡಿಯಾಗಿತ್ತು. ದ್ಯಾವಮ್ಮ ಮಗನ ತಲೆ ಸವರಿ, "ಹೋಗೋ ಶನಿ ಹೋಗೋವಾಗ ಒಂದು ಸಲ ಒದ್ದು ಹೋಯ್ತದೆ ಕಣ್ಮಗ. ಇದೇ ಕಡೇದು," ಎಂದು ಸಮಾಧಾನ ಹೇಳಿದಳು.

ಸೂರ್ಯ ಇಳಿಯುವ ಹೊತ್ತಿಗೆ ರವಿಕುಮಾರ್ ಬಂದ. ಸುದ್ದಿ ಕೇಳಿ, "ಛೇ, ಪಾಪ," ಎನ್ನುತ್ತಲೇ ಸೈಕಲ್ಲಿನ ಸೀಟು ತನ್ನ ಎತ್ತರಕ್ಕೆ ಇದೆಯೋ ಎಂದು ನೋಡಿದ. ಪುಟ್ಟರಾಜು ಜಗುಲಿಯ ಮೇಲೆ ಕೂತು, ಕಾಲಿಗೆ ಅರಿಸಿನ ಹಚ್ಚಿಕೊಳ್ಳುತ್ತ, ತಲೆ ತಗ್ಗಿಸಿದ್ದ. ಹಾಗೆ ತಗ್ಗಿಸಿದ್ದರಿಂದಲೇ ಅವನಿಗೆ ಬಾಮೈದನ ಕಾಲು ಕಂಡಿತು. ಕ್ಯಾನ್ವಾಸ್ ಬೂಟು. ಅಂಚಿನಿಂದ ಕರಿ ರಬ್ಬರು ಇಣುಕುತ್ತಿತ್ತು.

"ರವಿ... ಇದೆಲ್ಲಿ ಸಿಕ್ತು?"

"ಅದೊಂದು ಮಜ ಭಾವ! ದರ್ಶನ ಮುಗಿಸಿ ಇಳಿದು ನೋಡ್ತೀನಿ, ಹೊಸ ಚಪ್ಪಲಿ ಯಾರೋ ಹೊಡ್ಕೊಂಡು ಹೋಗಿದ್ದಾರೆ. ಬೈಕೊಂಡು ಬರ್ತಿದ್ರೆ ಆಚೆ ಬಂಡೆ ಹಿಂದೆ ಇದು ಅನಾಥವಾಗಿ ಬಿದ್ದಿತ್ತು. ನನ್ನದೇ ಅಳತೆ! ದೇವಸ್ಥಾನದಲ್ಲಿ ಚಪ್ಪಲಿ ಹೋದ್ರೆ ಶನಿ ಹೋದ ಹಾಗೆ ಅಂತಾರಲ್ಲ, ನಿಜ ನೋಡಿ. ನನ್ನ ಶನಿ ಹೋದದ್ದೇ ತಡ, ಬೂಟೂ ಸಿಕ್ತು, ಸೈಕಲ್ಲೂ ಸಿಕ್ತು."

ಬಾಗಿಲಲ್ಲಿ ನಿಂತಿದ್ದ ದ್ಯಾವಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡಳು. ಆಮೇಲೆ ಮಗನ ಕಿವಿಯ ಹತ್ತಿರ ಬಗ್ಗಿ, "ಸುಮ್ಕಿರ್ಲಾ. ನಿನ್ನ ಶನಿ ಅವನ ಕಾಲಿಗೆ ಹತ್ಕಂತು. ಆ ತಿರುವು ದಾಟಾಕಿಲ್ಲ, ಬೀಳ್ತಾನೆ ನೋಡ್ತಿರು," ಎಂದು ಪಿಸುಗುಟ್ಟಿದಳು.

ರವಿಕುಮಾರ್ ಸೈಕಲ್ಲು ಹತ್ತಿದ. ಬೀದಿಯ ತುದಿಯಲ್ಲಿ, ಜವರಪ್ಪನ ಅಂಗಡಿಯ ಮುಂದೆ ರಸ್ತೆ ಕಿತ್ತುಹೋದ ತಿರುವು. ಬುದ್ಧನ ಪಟದ ಕೆಳಗೆ ಹುಟ್ಟಿ ಬೆಳೆದ ಎಲ್ಲ ವಿಚಾರಗಳನ್ನೂ ಬದಿಗಿಟ್ಟು, ಪುಟ್ಟರಾಜು ಜೀವನದಲ್ಲಿ ಮೊದಲ ಸಲ ಶನಿಯನ್ನು ನಂಬಿದ. ಜಗುಲಿಯಿಂದ ಎದ್ದು, ಕತ್ತು ಚಾಚಿ ಕಾದ.

ತಿರುವಿನಲ್ಲಿ ರವಿಕುಮಾರ್ ಸೀಟಿನಿಂದ ಎದ್ದು ನಿಂತ. ಮಂಡಿ ಬಗ್ಗಿಸಿದ. ಎರಡೂ ಹಿಮ್ಮಡಿ, ಯಾರೂ ಹೇಳಿಕೊಡದಿದ್ದರೂ, ಕೆಳಗಿದ್ದವು. ಗುಂಡಿಯನ್ನು ತೇಲಿಕೊಂಡು ದಾಟಿ, ಗಂಟೆ ಬಾರಿಸಿ, ಮರೆಯಾದ.

ಪುಟ್ಟರಾಜು ಅರಿಸಿನದ ಬಟ್ಟಲು ಎತ್ತಿಕೊಂಡ. ಆಮೇಲೆ, ಇನ್ನೂ ಬಿಚ್ಚದಿದ್ದ ಹೊಳೆಯುವ ಬೂಟಿನಲ್ಲಿ, ಟಕ್ ಟಕ್ ಎಂದು ಸದ್ದು ಮಾಡುತ್ತ ಒಳಗೆ ಹೋದ.

"ಏನೇ ಹೇಳು," ಎಂದಳು ದ್ಯಾವಮ್ಮ ಸೊಸೆಗೆ, "ಬೂಟು ಮಾತ್ರ ಇದೇ ಲಕ್ಷಣವಾಗೈತೆ."